ಹೊಂಗೆ ಹೂವಿನ ಕಾಲಕ್ಕೆ ಒಂದು ಕಾಗದ

ವಸಂತ ಎಂದೊಡನೆ ನಮ್ಮ ಮಕ್ಕಳ ಕಣ್ಣಿಗೆ ಕಟ್ಟುವುದು ಕ್ಯಾಲೆಂಡರಿನ ಚಿತ್ರ: ಹಸಿರು ಹುಲ್ಲು, ಅದರ ನಡುವೆ ಸಾಲು ಸಾಲು ಬಣ್ಣದ ಹೂಗಳು, ಹಿಂದೆ ಹಿಮದ ಬೆಟ್ಟ. ಹೂ ನೋಡಬೇಕಾದರೆ ಊಟಿಗೆ ಹೋಗಬೇಕು, ಇಲ್ಲವೇ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಕಾಯಬೇಕು ಎಂಬ ಮಾತು ಎಲ್ಲ ಮನೆಗಳಲ್ಲೂ ಇದೆ. (ಲಾಲ್‌ಬಾಗಿನ ಪ್ರದರ್ಶನ ನಡೆಯುವುದು ಜನವರಿ ಮತ್ತು ಆಗಸ್ಟ್‌ನಲ್ಲಿ, ವಸಂತದಲ್ಲಲ್ಲ!) ಬಳ್ಳಾರಿ, ಅನಂತಪುರದಂಥ ಬಿರುಬಿಸಿಲಿನ ಸೀಮೆಯಲ್ಲಿ ವಸಂತ ನೆಲದ ಮೇಲೆ ಬರುವುದಿಲ್ಲ, ಮರದ ಮೇಲೆ ಬರುತ್ತದೆ. ತಲೆಯೆತ್ತಿ ನೋಡಬೇಕು, ಅಷ್ಟೇ.

2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೆ ಬಂದಿತ್ತು, ಯುಗಾದಿ ಏಪ್ರಿಲ್ 9ಕ್ಕೆ. ನಡುವೆ ಸಿಕ್ಕಿದ ಒಂದು ವಾರದಲ್ಲಿ ಬಳ್ಳಾರಿಯಿಂದ ನಾವು ಎರಡು ಸಂಸಾರದವರು, ಮಕ್ಕಳು ಮರಿ ಸೇರಿ ಒಂಬತ್ತು ಜನ, ಒಂದು ಬಾಡಿಗೆ ವ್ಯಾನು ಮಾಡಿಕೊಂಡು ಹೊರಟೆವು. ರಾಯದುರ್ಗ ನೋಡಿಕೊಂಡು, ಅಲ್ಲಿಂದ ಮಡಕಶಿರಾದ ಆಚೆಗಿನ ಹಳ್ಳಿಯಲ್ಲಿರುವ ದೊಡ್ಡಮ್ಮನ ಮನೆಗೆ ಹೋಗುವುದೆಂದು ತೀರ್ಮಾನ.

ದೊಡ್ಡಮ್ಮನ ವಿಷಯ ಸ್ವಲ್ಪ ಹೇಳಬೇಕು. ಗಡಿಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಟೀಚರಾಗಿದ್ದವರು ಅವರು. ಪ್ರತಿ ವರ್ಷ ಈಸ್ಟರ್ ಹೊತ್ತಿಗೆ ಅವರಿಂದ ನಮಗೆ ಒಂದು ಕಾಗದ ಬರಲೇಬೇಕು. ಬಲಗಡೆ ಮೇಲೆ ಊರು, ತಾರೀಖು. ಎಡಗಡೆ ಎರಡು ಬೆರಳು ಜಾಗ ಬಿಟ್ಟು ಮುತ್ತಿನಂಥ ಅಕ್ಷರ. ಮೊದಲ ಸಾಲು ಯಾವಾಗಲೂ 'ಉಭಯ ಕುಶಲೋಪರಿ ಸಾಂಪ್ರತ'. ಆ ವರ್ಷ ಕಾಗದ ಬರಲಿಲ್ಲ, ಫೋನು ಬಂತು. "ಕಣ್ಣು ಮಂಜಾಗಿದೆ ಕಣಮ್ಮಾ, ಗೆರೆ ಕಾಣಲ್ಲ. ನಾನು ಹೇಳ್ತೀನಿ, ಯಾರಾದ್ರೂ ಬರೀಲಿ ಅಂದ್ರೆ ಈ ಮನೇಲಿ ಕನ್ನಡ ಬರೆಯೋರೇ ಇಲ್ಲ" ಎಂದರು. ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡವೇ. ಆದರೆ ಮಗ ಸೊಸೆ ಬೆಳಗಾದರೆ ಕೆಲಸಕ್ಕೆ ಹೋಗುವವರು, ಓದಿದ್ದೂ ತೆಲುಗಿನಲ್ಲೇ. ಎಂಟನೇ ತರಗತಿಯ ಮೊಮ್ಮಗಳು ಮೊದಲ ಐದು ವರ್ಷ ಹಿಂದೂಪುರದಲ್ಲಿ ಕಲಿತವಳು. ಅವಳಿಗೆ ಬರೆಯಲು ಬರುವುದು ತೆಲುಗು ಮತ್ತು ಇಂಗ್ಲಿಷ್.

ಈ ಊರುಗಳ ಕಥೆ ತಿಳಿದರೆ ಇದರಲ್ಲಿ ಆಶ್ಚರ್ಯವಿಲ್ಲ. ರಾಯದುರ್ಗ ಮೊದಲು ನಮ್ಮ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಉಳಿದವು. ಮಡಕಶಿರಾ 1882ರಲ್ಲಿ ಅನಂತಪುರ ಜಿಲ್ಲೆ ಆದಾಗಿನಿಂದ ಅದರೊಳಗೇ ಇತ್ತು, 2022ರ ಏಪ್ರಿಲ್‌ನಲ್ಲಿ ಹೊಸದಾಗಿ ಆದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಭೂಪಟದಲ್ಲಿ ನೋಡಿದರೆ ಮಡಕಶಿರಾದ ಮೂರು ಕಡೆಗೂ ಕರ್ನಾಟಕವೇ. ಅದರ ಪಕ್ಕದ ಪಾವಗಡ ಇದಕ್ಕೆ ತದ್ವಿರುದ್ಧ: ಕರ್ನಾಟಕದ ತಾಲ್ಲೂಕು, ಸುತ್ತ ಬಹುತೇಕ ಆಂಧ್ರ. ಗಡಿ ಎಳೆದವರ ಪೆನ್ಸಿಲು ಅಲ್ಲಿ ಸ್ವಲ್ಪ ನಡುಗಿರಬೇಕು ಎಂದು ನಮ್ಮ ತಮ್ಮ ಹಾಸ್ಯ ಮಾಡಿದ.

ಬಳ್ಳಾರಿಯಿಂದ ರಾಯದುರ್ಗಕ್ಕೆ ಸುಮಾರು 50 ಕಿ.ಮೀ. ಓಬಳಾಪುರಂ ದಾಟಿದ ಮೇಲೆ ಬರುವ ಊರು ಡಿ. ಹಿರೇಹಾಳ್. ಬೋರ್ಡು ತೆಲುಗಿನದು, ಹೆಸರು ಅಚ್ಚ ಕನ್ನಡದ್ದು! ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಹೊಲಗಳು ಬರಿದಾಗಿದ್ದವು. ಆದರೂ ದಾರಿಯ ಬದಿಯ ಹೊಂಗೆ ಮರಗಳಿಗೆ ಅದರ ಪರಿವೆಯೇ ಇರಲಿಲ್ಲ. ಬೇರೆ ಮರಗಳೆಲ್ಲ ಒಣಗಿ ನಿಂತಾಗ ಹೊಂಗೆ ಎಣ್ಣೆ ಹಚ್ಚಿದಂಥ ಹೊಸ ಎಲೆ ಬಿಟ್ಟು, ಜೊತೆಗೇ ಹೂವನ್ನೂ ಬಿಡುತ್ತದೆ. ಹೂವು ಮರದಲ್ಲಿ ಕಂಡದ್ದಕ್ಕಿಂತ ಕೆಳಗೆ ಕಂಡದ್ದೇ ಹೆಚ್ಚು. ತಿಳಿ ನೇರಳೆ ಬೆರೆತ ಬಿಳಿ ಹೂಗಳು ನೆಲದ ತುಂಬ ಮಂಡಕ್ಕಿ ಚೆಲ್ಲಿದ ಹಾಗೆ ಬಿದ್ದಿದ್ದವು. ವ್ಯಾನು ನಿಲ್ಲಿಸಿ ನೆರಳಿಗೆ ಇಳಿದರೆ ತಲೆಯ ಮೇಲೆ ಜೇನುಹುಳುಗಳ ಝೇಂಕಾರ. ಚಿಕ್ಕವನು "ಮರದೊಳಗೆ ಮಿಕ್ಸಿ ಹಾಕಿದ್ದಾರೆ" ಎಂದ.

ರಾಯದುರ್ಗ ಹೆಸರೇ ಹೇಳುವಂತೆ ಕೋಟೆಯ ಊರು. ಊರ ಮೇಲೆ ಬಂಡೆಗಳ ದೊಡ್ಡ ಬೆಟ್ಟ, ವಿಜಯನಗರದ ಕಾಲದಿಂದ ಹೆಸರಾದ ಕೋಟೆ. ಬೆಟ್ಟ ಹತ್ತುವವರು ಬೆಳಗ್ಗೆ ಆರಕ್ಕೆ ಹತ್ತಿ ಒಂಬತ್ತರೊಳಗೆ ಇಳಿದುಬಿಡಬೇಕು. ಏಪ್ರಿಲ್‌ನಲ್ಲಿ ಈ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಬಂಡೆ ಕಾದರೆ ಹೆಂಚು. ತಲೆಗೊಂದು ಬಾಟಲಿ ನೀರು ಸಾಲದು, ಎರಡು ಇರಲಿ. ನಾವು ಅರ್ಧ ಬೆಟ್ಟಕ್ಕೇ ಸಾಕೆಂದು ಕೂತು ಪುಳಿಯೋಗರೆ ಗಂಟು ಬಿಚ್ಚಿದೆವು. ಅಲ್ಲಿಂದ ಊರಿನ ಹೊರವಲಯದಲ್ಲಿ ಎರಡು ಮೂರು ಕಡೆ ಕೆಂಡದಂಥ ಬಣ್ಣ ಕಾಣಿಸಿತು. ಮುತ್ತುಗ! ಎಲೆಯೆಲ್ಲ ಉದುರಿ, ಬರೀ ಕೊಂಬೆಯ ಮೇಲೆ ಗಿಣಿಮೂಗಿನಂಥ ಕೇಸರಿ ಹೂಗಳು. ನಮ್ಮ ಅಜ್ಜಿಯಂದಿರಿಗೆ ಮುತ್ತುಗ ಅಂದರೆ ಊಟದ ಎಲೆ ಹಚ್ಚುವ ಮರ. ಅದರ ಹೂವನ್ನು ಬಿಸಿನೀರಲ್ಲಿ ನೆನೆಸಿ ಬಟ್ಟೆಗೆ ಬಣ್ಣ ಹಾಕುತ್ತಿದ್ದರೆಂಬುದು ಮಕ್ಕಳಿಗೆ ಹೊಸ ಸುದ್ದಿ. ಮಾರ್ಚ್ ಕಳೆದಿದ್ದರಿಂದ ಹೂವಿನ ಕಾಲ ಮುಗಿಯುತ್ತ ಬಂದಿತ್ತು, ನೆಲಕ್ಕೆ ಬಿದ್ದದ್ದೇ ಬೇಕಾದಷ್ಟು. ಇಳಿದು ಬಂದು ಒಂದು ಚೀಲ ತುಂಬಿಸಿಕೊಂಡೆವು. ಮರದಿಂದ ಒಂದನ್ನೂ ಕೀಳಲಿಲ್ಲ.

ಊರೊಳಗೆ ಹೊಲಿಗೆ ಯಂತ್ರಗಳ ಸದ್ದು. ರಾಯದುರ್ಗ ಈಗ ಜೀನ್ಸ್ ಪ್ಯಾಂಟು ಹೊಲಿಯುವ ಊರು, ಬಳ್ಳಾರಿಯ ಹಾಗೆಯೇ. ನಮಗೆ ಬೇಕಾಗಿದ್ದದ್ದು ಪ್ಯಾಂಟಲ್ಲ, ಕಾಗದ. ದೊಡ್ಡಮ್ಮನಿಗೆ ಚಂದದ ಲೆಟರ್ ಪ್ಯಾಡು ಒಯ್ಯಬೇಕೆಂದು ಮಕ್ಕಳು ಹಟ ಹಿಡಿದಿದ್ದರು. ಪುಸ್ತಕದಂಗಡಿಯ ಯಜಮಾನರು ಮೊದಲು ನಕ್ಕರು: "ಇಪ್ಪುಡು ಜಾಬುಲು ಎವರು ರಾಸ್ತಾರಮ್ಮಾ?" ಆಮೇಲೆ ಅವರೇ ಕನ್ನಡದಲ್ಲಿ, "ಈಗ ಕಾಗದ ಯಾರು ಬರೀತಾರ್ರೀ?" ಎಂದರು. ನಕ್ಕರೂ ಏಣಿ ಹಾಕಿ ಅಟ್ಟದಿಂದ ಎರಡು ಪ್ಯಾಡು ಇಳಿಸಿದರು. ಮೂಲೆಯಲ್ಲಿ ಗುಲಾಬಿ ಅಚ್ಚು ಹಾಕಿದ, ಅಂಚು ಹಳದಿಗೆ ತಿರುಗಿದ ತೆಳು ಹಾಳೆಗಳು. ಹಳೆಯ ದರಕ್ಕೇ ಕೊಟ್ಟರು. ಅವರ ಮೇಜಿನ ಮೇಲೆ ಲಗ್ನಪತ್ರಿಕೆಗಳ ಮಾದರಿ ಪುಸ್ತಕ ಇತ್ತು. ಅದರಲ್ಲಿ ಕೆಲವು ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ತೆಲುಗು. ಹುಡುಗಿ ಕಡೆಯವರು ಬಳ್ಳಾರಿ, ಹುಡುಗನ ಕಡೆಯವರು ರಾಯದುರ್ಗ ಆದರೆ ಹೀಗೇ ಮಾಡಿಸುತ್ತಾರಂತೆ. ಅರಿಶಿನ ಹಚ್ಚಿದ ಅಂಚು, ಮೇಲೆ ಒತ್ತಚ್ಚಿನ ಮಲ್ಲಿಗೆ ಬಳ್ಳಿ. ಕಾಗದದ ಸೊಗಸು ಇನ್ನೂ ಉಳಿದಿರುವುದು ಲಗ್ನಪತ್ರಿಕೆಗಳಲ್ಲೇ ಏನೋ.

ಮುಂದೆ ಕಲ್ಯಾಣದುರ್ಗ, ಪಾವಗಡದ ಮೇಲೆ ಮಡಕಶಿರಾ. ಆಂಧ್ರದಿಂದ ಕರ್ನಾಟಕ, ಮತ್ತೆ ಆಂಧ್ರ. ಬೋರ್ಡುಗಳು ಬದಲಾದವು, ಬೇವಿನ ಮರಗಳು ಬದಲಾಗಲಿಲ್ಲ. ಯುಗಾದಿಗೆ ಇನ್ನು ಕೆಲವೇ ದಿನ, ಬೇವು ಹೂ ಬಿಡಲು ಶುರುವಾಗಿತ್ತು.

ದೊಡ್ಡಮ್ಮನ ಮನೆಯಂಗಳದಲ್ಲಿ ಹುಣಸೆಯ ರಾಶಿ. ಆ ಕಡೆ ಅದು ಹುಣಸೆ ಬಡಿಯುವ ಕಾಲ. ಓಟೆ ಬಿಡಿಸಿ, ನಾರು ತೆಗೆದು, ಬೀಜ ಬೇರೆ ಮಾಡುವ ಕೆಲಸಕ್ಕೆ ನಾವೂ ಕೂತೆವು. ಮೊಮ್ಮಗಳು ಮಧ್ಯಾಹ್ನವೇ ಮನೆಗೆ ಬಂದಳು. ಬೇಸಿಗೆಯಲ್ಲಿ ಅಲ್ಲಿ ಒಪ್ಪೊತ್ತಿನ ಶಾಲೆ, 'ಒಂಟಿಪೂಟ ಬಡಿ'.

ಪ್ಯಾಡು ಕೈಗಿಟ್ಟಾಗ ದೊಡ್ಡಮ್ಮ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಬೆರಳಿನಿಂದ ಸವರಿದರು. ಆಮೇಲೆ ಒಂದು ಹಿಡಿ ಹುಣಸೆ ಬೀಜ ಎತ್ತಿಕೊಂಡು ಮಕ್ಕಳಿಗೆ ಪಾಠ ಶುರು! ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ನಮ್ಮ ಕನ್ನಡ ಸೀಮೆಯ ಶಾನುಭೋಗರು, ವ್ಯಾಪಾರಿಗಳು ಲೆಕ್ಕ ಬರೆಯುತ್ತಿದ್ದದ್ದು ಬಟ್ಟೆಯ ಮೇಲೆ. ಹುಣಸೆ ಬೀಜ ಅರೆದು ಬೇಯಿಸಿದ ಅಂಟಿಗೆ ಇದ್ದಿಲ ಪುಡಿ ಕಲಸಿ ಉದ್ದನೆಯ ಬಟ್ಟೆಗೆ ಬಳಿದು ಒಣಗಿಸುತ್ತಿದ್ದರು. ಬಟ್ಟೆ ಹಲಗೆಯಂತೆ ಕಪ್ಪಗೆ, ಗಟ್ಟಿಯಾಗುತ್ತಿತ್ತು. ಅದನ್ನು ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ಮಡಚಿ, ಎರಡು ಕಡೆ ಮರದ ಹಲಗೆ ಕಟ್ಟಿದರೆ ಪುಸ್ತಕ. ಬರೆಯುವುದು ಬಳಪದಲ್ಲಿ. ಬೇಡವಾದರೆ ಅಳಿಸಿ, ಮತ್ತೆ ಅಂಟು ಬಳಿದು ಹೊಸದು ಮಾಡಿಕೊಳ್ಳಬಹುದು. ಅದರ ಹೆಸರು ಕಡತ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಇವತ್ತು ಕಚೇರಿಯಲ್ಲಿ 'ಕಡತ ಮುಂದೆ ಹೋಗಿಲ್ಲ' ಎನ್ನುತ್ತಾರಲ್ಲ, ಆ ಮಾತು ಬಂದದ್ದು ಈ ಬಟ್ಟೆಯ ಪುಸ್ತಕದಿಂದ. "ನಮ್ಮ ಅಂಗಳದ ಬೀಜದಲ್ಲೇ ಪುಸ್ತಕ ಇತ್ತು ಕಣ್ರೋ" ಎಂದರು ದೊಡ್ಡಮ್ಮ. ಮೊಮ್ಮಗಳು ಬೀಜ ಬಿಡಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

ಮರುದಿನ ಅವಳನ್ನೂ ಕರೆದುಕೊಂಡು ಅಮರಾಪುರದ ಹತ್ತಿರದ ಹೇಮಾವತಿಗೆ ಹೋದೆವು. ಹಳೆಯ ಹೆಸರು ಹೆಂಜೇರು. ಒಂಬತ್ತು, ಹತ್ತನೇ ಶತಮಾನಗಳಲ್ಲಿ ಆಳಿದ ನೊಳಂಬರ ರಾಜಧಾನಿ ಇದು. ಇವತ್ತು ಸಣ್ಣ ಹಳ್ಳಿ. ಕಪ್ಪು ಕಲ್ಲಿನ ಕಂಬಗಳು, ಗೋಡೆಯಲ್ಲಿ ಕಲ್ಲನ್ನೇ ಜಾಲರಿಯಂತೆ ಕೊರೆದ ಜಾಲಂಧ್ರಗಳು. ಜಾಲಂಧ್ರದ ಬಳ್ಳಿ ಸುತ್ತಿ ಸುತ್ತಿ ಮೇಲೇರುತ್ತದೆ, ಸುರುಳಿಯ ನಡುವೆ ಎಲೆ, ಮೊಗ್ಗು, ಪುಟ್ಟ ಆಕೃತಿಗಳು. ಇಲ್ಲಿಯ ಕೆಲವು ಶಿಲ್ಪಗಳು ಚೆನ್ನೈಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿವೆ. ಉಳಿದದ್ದನ್ನು ನೋಡಲು ಒಂದು ದಿನ ಸಾಲದು. ಬೇಸಿಗೆಯ ಮಧ್ಯಾಹ್ನದಲ್ಲೂ ಬಾಡದ ಹೂ ಬೇಕಾದರೆ ಹೇಮಾವತಿಗೆ ಹೋಗಬೇಕು! ಮಕ್ಕಳು ನೆರಳಿನಲ್ಲಿ ಕೂತು ಆ ಬಳ್ಳಿಯನ್ನು ಹಾಳೆಯ ಅಂಚಿಗೆ ನೋಡಿ ನೋಡಿ ಬರೆದರು. ಕಲ್ಲಿನ ಮೇಲೆ ಹಾಳೆ ಇಟ್ಟು ಪೆನ್ಸಿಲು ಉಜ್ಜಲು ಬಿಡಬೇಡಿ. ಅದು ರಕ್ಷಿತ ಸ್ಮಾರಕ. ಕಣ್ಣಳತೆಯಲ್ಲಿ ಬರೆದದ್ದು ಸೊಟ್ಟಗಿದ್ದರೂ ಅವರದೇ ಆಗಿರುತ್ತದೆ.

ಆ ಸಂಜೆ ಜಗಲಿಯೇ ಕಾಗದದ ಕಾರ್ಖಾನೆಯಾಯಿತು. ನಿಮ್ಮ ಮನೆಯಲ್ಲೂ ಮಾಡಬಹುದು, ಕೇಳಿ. ಮುತ್ತುಗದ ಹೂವನ್ನು ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ ಸೋಸಿದರೆ ಕೇಸರಿ ಬೆರೆತ ಹಳದಿ ನೀರು. ಚಿಟಿಕೆ ಪಟಿಕ ಹಾಕಿದರೆ ಬಣ್ಣ ಹೊಳೆಯುತ್ತದೆ. ದಪ್ಪ ಡ್ರಾಯಿಂಗ್ ಹಾಳೆಗೆ ಹತ್ತಿಯಿಂದ ಸವರಿ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ. ಹೂವನ್ನೇ ಅಂಟಿಸುವುದಾದರೆ ಮುತ್ತುಗ ಬೇಡ, ದಳ ದಪ್ಪ, ಒಣಗಿದ ಮೇಲೆ ಮಂಕಾಗುತ್ತದೆ. ಬೇವಿನ ಹೂವಿನಂಥ ಸಣ್ಣದನ್ನು ಹಳೇ ಪತ್ರಿಕೆಯ ನಡುವೆ ಇಟ್ಟು, ಮೇಲೆ ನಿಘಂಟಿನಂಥ ಭಾರ ಹೇರಿ, ದಿನಕ್ಕೊಮ್ಮೆ ಪತ್ರಿಕೆ ಬದಲಿಸಿ. ಅಂಟಿಗೆ ಹುಣಸೆ ಬೀಜ ಇದ್ದೇ ಇತ್ತು. ಹುರಿದು, ಸಿಪ್ಪೆ ತೆಗೆದು, ಅರೆದು ಕುದಿಸಿದೆವು. ಲಕೋಟೆಗಳನ್ನೂ ಅದರಲ್ಲೇ ಅಂಟಿಸಿದೆವು. ಅಂಗಡಿಯ ಗಮ್ಮು ಇಷ್ಟು ಹಿಡಿಯುವುದಿಲ್ಲ.

ಹಾಳೆ ಸಿದ್ಧವಾಯಿತು. ಬರೆಯುವವರು? ನಮ್ಮ ಹಿರಿಯ ಮಗಳು ಅವಳ ತೆಲುಗು ಪುಸ್ತಕ ತೆಗೆದು ಪಕ್ಕದಲ್ಲಿ ಕನ್ನಡ ಅಕ್ಷರ ಬರೆಯತೊಡಗಿದಳು. ಎರಡೂ ಲಿಪಿ ಹಿಂದೆ ಒಂದೇ ಆಗಿದ್ದವು ಎಂಬುದು ನಮಗೆಲ್ಲ ಗೊತ್ತು, ಆದರೆ ಜಗಲಿಯಲ್ಲಿ ಕೂತು ಸಾಲಾಗಿ ನೋಡಿದಾಗಲೇ ಅದರ ಸಂತೋಷ. ರ, ಗ, ದ, ನ, ಬ, ಲ ಬಹುತೇಕ ಅವೇ. ತಲೆಕಟ್ಟಿನಲ್ಲಿ ಮಾತ್ರ ವ್ಯತ್ಯಾಸ. ಕ, ತ, ಶ ಬಂದಾಗ ಸ್ವಲ್ಪ ಕಷ್ಟ. ಅವಳು ಮೊದಲು ಓದಿದ್ದು ಕಪಾಟಿನಲ್ಲಿದ್ದ ಅಜ್ಜಿಯ ಹಳೆಯ ಕರಡು ಕಾಗದ. ಬೆರಳಿಟ್ಟು, ತಡೆದು ತಡೆದು, ನಡುವೆ ನಕ್ಕು. ಕಾಗದದಲ್ಲಿದ್ದದ್ದು ಅವಳು ಹುಟ್ಟಿದ ಸುದ್ದಿ. ಮಗು ಕೆಂಪಗಿದೆ, ಅಳು ಜೋರು, ಮಳೆ ಚೆನ್ನಾಗಿ ಆಗಿದೆ ಎಂದಿತ್ತು. ದೊಡ್ಡಮ್ಮ ಒಳಗೆ ಒಲೆಯ ಮುಂದೆ ಇದ್ದರು. ಕೇಳಿಸಿಕೊಂಡರೋ ಇಲ್ಲವೋ, ಹೊರಗೆ ಬರಲಿಲ್ಲ. ಪಾತ್ರೆಯ ಸದ್ದು ಮಾತ್ರ ನಿಂತಿತ್ತು.

ನಾವು ಊರಿಗೆ ಮರಳಿ, ಶಾಲೆ ತೆರೆದು, ಜೂನ್ ಕೊನೆಗೆ ಅಂಚೆಯವರು ಒಂದು ಹಳದಿ ಲಕೋಟೆ ತಂದುಕೊಟ್ಟರು. ಅಂಚಿನಲ್ಲಿ ಹೇಮಾವತಿಯ ಸೊಟ್ಟ ಬಳ್ಳಿ. 'ಉಭಯ ಕುಶಲೋಪರಿ ಸಾಂಪ್ರತ' ಎಂದೇ ಆರಂಭ, ಆದರೆ ಅಕ್ಷರ ದೊಡ್ಡಮ್ಮನದಲ್ಲ. ದುಂಡಗೆ, ದೊಡ್ಡದಾಗಿ, ಅಲ್ಲಲ್ಲಿ 'ತ' ತೆಲುಗಿನದೇ ಉಳಿದುಕೊಂಡಿತ್ತು. ಮೊದಲ ಮಳೆ ಬಿದ್ದಿದೆ, ಹುಣಸೆ ಹೂ ಬಿಟ್ಟಿದೆ, ಕಣ್ಣಿಗೆ ಡಾಕ್ಟರು ದಿನ ಕೊಟ್ಟಿದ್ದಾರೆ ಎಂದು ದೊಡ್ಡಮ್ಮ ಹೇಳಿ ಬರೆಸಿದ್ದರು. ಮಡಿಕೆಯೊಳಗೆ ಕೆಂಪು ಗೆರೆಯ ಪುಟ್ಟ ಹಳದಿ ಹೂವು, ಚಪ್ಪಟೆಯಾಗಿ. ಕೆಳಗೆ ಬೇರೆ ಮಸಿಯಲ್ಲಿ ಎರಡು ಸಾಲು ಇತ್ತು, ಅದು ಮೊಮ್ಮಗಳದೇ: 'ಇದು ಅಜ್ಜಿ ಹೇಳಿದ್ದಲ್ಲ. ಉಭಯ ಕುಶಲೋಪರಿ ಅಂದರೆ ಏನು? ಅಜ್ಜಿಯನ್ನು ಕೇಳಿದರೆ ಮೊದಲು ಬರಿ, ಆಮೇಲೆ ಹೇಳುತ್ತೇನೆ ಅನ್ನುತ್ತಾರೆ.'