ಅತಿವ್ಯಾಪ್ತಿ

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದುತ್ತಿದ್ದಾಗ ಗುರುಗಳು ಗೋವಿನ ಲಕ್ಷಣವನ್ನು ಕೇಳಿದರು. ‘ಕೊಂಬುಳ್ಳದ್ದು’ ಎಂದೆನು. ‘ಹಾಗಾದರೆ ಎಮ್ಮೆಯನ್ನೂ ಗೋವೆಂದು ಕಟ್ಟಿಹಾಕುವೆಯೇನಯ್ಯ?’ ಎಂದು ನಕ್ಕರು. ಲಕ್ಷಣವು ಗುರಿಯನ್ನು ಮೀರಿ ಹರಡುವ ಈ ದೋಷಕ್ಕೆ ಅತಿವ್ಯಾಪ್ತಿಯೆಂದು ಹೆಸರು. ಈ ಪಾಠವು ಮುಪ್ಪಿನಲ್ಲಿ ನನಗೆ ಪುನಃ ಆಯಿತು.

2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಯಂತ್ರಗಳನ್ನು ದುಷ್ಟರು ಕೆಡಿಸಿದರು. ರೋಗಿಗಳ ಲೆಕ್ಕವನ್ನೆಲ್ಲ ಅನೇಕ ದಿನ ಕೈಬರಹದಿಂದಲೇ ನಡೆಸಬೇಕಾಯಿತು. ಪೊಲೀಸರು ಸುಲಿಗೆಯೊಡನೆ ಸೈಬರ್ ಭಯೋತ್ಪಾದನೆಯ ಆರೋಪವನ್ನೂ ದಾಖಲಿಸಿದರು. ವಾರ್ತೆಯನ್ನೋದಿ ಕುದಿದ ನಾನು, ‘ಸರಕಾರವು ಎಲ್ಲರ ಸಂದೇಶಗಳನ್ನೂ ತೆರೆದು ನೋಡಲಿ, ನಿರ್ದೋಷಿಗೆ ಭಯವೇಕೆ?’ ಎಂದೆನು. ಕಾನೂನು ಓದಿದ ನನ್ನ ಮಗಳು ಮೆಲ್ಲನೆ, ‘ಅಪ್ಪಾ, ಹಾಗಾದರೆ ಅಮ್ಮನ ಕಾಗದಗಳ ಪೆಟ್ಟಿಗೆಯ ಬೀಗದಕೈಯನ್ನು ಠಾಣೆಗೆ ಕೊಟ್ಟುಬರೋಣವೆ?’ ಎಂದಳು.

ನನಗೆ ಮಾತು ಹೊರಡಲಿಲ್ಲ. ಗತಿಸಿದ ನನ್ನ ಗೃಹಿಣಿಯು ತವರಿನಿಂದ ಬರೆದ ಆ ಓಲೆಗಳಲ್ಲಿ ಅಪರಾಧವೇನಿದೆ? ಸಾಲದ ಚಿಂತೆ, ಸಣ್ಣ ಮುನಿಸು, ಒಂದೆರಡು ಪರಿಹಾಸ. ಆದರೂ ಅವನ್ನು ಹೆತ್ತ ಮಕ್ಕಳಿಗೂ ನಾನು ತೋರಿಸಿಲ್ಲ. ಮುಚ್ಚಿಟ್ಟದ್ದೆಲ್ಲವೂ ಕಳವಿನ ಮಾಲಲ್ಲವಷ್ಟೆ.

2008ರ ತಿದ್ದುಪಡಿಯು ಮಾಹಿತಿ ತಂತ್ರಜ್ಞಾನದ ಶಾಸನಕ್ಕೆ ಎರಡು ಕಲಮುಗಳನ್ನು ಸೇರಿಸಿತೆಂದು ಮಗಳು ತಿಳಿಸಿದಳು. ದೇಶಭದ್ರತೆಯನ್ನು ಕೆಡಿಸುವ ಅಥವಾ ಜನರನ್ನು ಭಯಗೊಳಿಸುವ ಉದ್ದೇಶದಿಂದ ಗಣಕಯಂತ್ರಗಳನ್ನು ಭೇದಿಸಿ, ಪ್ರಾಣಹಾನಿಗೋ ಅಗತ್ಯಸೇವೆಗಳ ಭಂಗಕ್ಕೋ ಕಾರಣನಾದವನಿಗೆ 66-ಎಫ್ ಕಲಮು ಯಾವಜ್ಜೀವ ಸೆರೆಯವರೆಗೂ ಶಿಕ್ಷೆಯನ್ನು ವಿಧಿಸುತ್ತದೆ. ಇದು ಯುಕ್ತವೇ. ಆದರೆ ಅದರ ಇನ್ನೊಂದು ಭಾಗದಲ್ಲಿ ಮಾನನಷ್ಟ, ನ್ಯಾಯಾಲಯನಿಂದೆಗಳ ಮಾತನ್ನೂ ತಂದಿರುವುದು ಎಮ್ಮೆಯನ್ನು ಕಟ್ಟಿದಂತೆಯೇ ಸರಿ. 66-ಎ ಕಲಮಾದರೋ ಬೇಸರಗೊಳಿಸುವ ಸಂದೇಶಕ್ಕೂ ಮೂರು ವರ್ಷಗಳವರೆಗೆ ಸೆರೆಯನ್ನಿಟ್ಟಿತ್ತು. ಯಾರ ಬೇಸರ, ಎಷ್ಟು ಬೇಸರ? 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಅದನ್ನು ಅಸಿಂಧುವೆಂದು ಸಾರಿತು. ನ್ಯಾಯಾಲಯವು ಕಂಡ ದೋಷಗಳಲ್ಲಿ ನಮ್ಮ ಅತಿವ್ಯಾಪ್ತಿಯೂ ಒಂದು.

ಕರ್ಣಾಟಕದ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ವೃದ್ಧಾಪ್ಯದಲ್ಲಿ ಹೂಡಿದ ವ್ಯಾಜ್ಯದಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ತೀರ್ಮಾನಿಸಿದರು. ಅದರಲ್ಲಿ ಕೈಹಾಕಲು ಶಾಸನದ ಆಧಾರವಿರಬೇಕು, ನ್ಯಾಯವಾದ ಪ್ರಯೋಜನವಿರಬೇಕು, ಕೈಯು ಪ್ರಯೋಜನವನ್ನು ಮೀರಿ ಚಾಚಿರಬಾರದು. ಆದರೂ ಸಂದೇಶಗಳನ್ನು ತೆರೆಯುವ ಅಪ್ಪಣೆಯನ್ನು ಇಂದಿಗೂ ಕೊಡುವವರು ಸರಕಾರದ ಕಾರ್ಯದರ್ಶಿಗಳು, ನ್ಯಾಯಾಧೀಶರಲ್ಲ. ಈ ವಿಷಯವನ್ನು ವಾಚಕಮಹಾಶಯರು ಆಲೋಚಿಸಬೇಕು.

ಆಸ್ಪತ್ರೆಗೆ ಭದ್ರವಾದ ಬಾಗಿಲು, ದಾಖಲೆಗಳಿಗೆ ಬೇರೆಡೆಯಲ್ಲಿ ಪ್ರತಿ, ಬಲ್ಲ ಕಾವಲುಗಾರರು: ಇವುಗಳಿಂದ ಯಾರ ಸ್ವಾತಂತ್ರ್ಯಕ್ಕೂ ಕುಂದಿಲ್ಲ. ಕಳ್ಳನನ್ನು ಅವಶ್ಯವಾಗಿ ಹಿಡಿಯಲಿ. ಪೆಟ್ಟಿಗೆಯ ಬೀಗದಕೈಯು ಮಾತ್ರ ನನ್ನ ಜನಿವಾರದಲ್ಲಿಯೇ ಇರಲಿ.