ಕಥೆ ಹೇಳುವವನಾರು?

'ಸಣ್ಣಕಥೆಯ ವಸ್ತು, ಪಾತ್ರ, ಸನ್ನಿವೇಶ, ನಿರೂಪಣೆಗಳನ್ನು ವಿವರಿಸಿರಿ' ಎಂದು ಕೇಳಿದರೆ, ಹೊಸಪೇಟೆಯ ವಿದ್ಯಾರ್ಥಿಯಾಗಲಿ, ಕಂಪ್ಲಿಯಿಂದ ಬಸ್ಸಿನಲ್ಲಿ ಬರುವವನಾಗಲಿ, ಗೈಡಿನ ನಾಲ್ಕು ಪ್ಯಾರಾಗಳನ್ನು ಒಪ್ಪಿಸಿಬಿಡುತ್ತಾನೆ. ಪರೀಕ್ಷಕರಿಗೆ ಅಂಕ ಕೊಡದೆ ವಿಧಿಯಿಲ್ಲ. ಆತನು ಕಥೆಯನ್ನು ಓದಿದ್ದಾನೆಯೇ ಎಂಬುದು ಮಾತ್ರ ತಿಳಿಯುವುದಿಲ್ಲ.

ಮಾಸ್ತಿಯವರು 1910ರ ಸುಮಾರಿಗೆ ಬರೆದ 'ರಂಗನ ಮದುವೆ'ಯನ್ನೇ ನೋಡಬಹುದು. ಕಥೆ ಹೇಳುವವನಾರೆಂದರೆ ಎಷ್ಟೋ ಮಂದಿ 'ಮಾಸ್ತಿ' ಎಂದೇ ಬರೆಯುತ್ತಾರೆ. ಹೇಳುವವನು ಹೊಸಹಳ್ಳಿಯ ಶ್ಯಾಮ; ಬಹಳ ಮಾತುಗಾರ. ಬೆಂಗಳೂರಿನಲ್ಲಿ ಓದಿ ಬಂದು, ಸದ್ಯಕ್ಕೆ ಮದುವೆ ಬೇಡವೆಂದ ರಂಗನಿಗೆ ಹನ್ನೊಂದು ವರ್ಷದ ರತ್ನಳ ಹಾಡು ಕೇಳಿಸಿದವನು ಅವನೇ. ಅವಳಿಗೆ ಆಗಲೇ ಮದುವೆಯಾಗಿದೆಯೆಂದು ಸುಳ್ಳಾಡಿದವನೂ ಅವನೇ. ಶಾಸ್ತ್ರಿಗಳಿಗೆ ಪಾಠ ಹೇಳಿಕೊಟ್ಟು ಜ್ಯೋತಿಷ್ಯ ನುಡಿಸಿದವನೂ ಅವನೇ. ತನ್ನ ಹುನ್ನಾರವನ್ನು ತಾನೇ ನಗುನಗುತ್ತ ಬಣ್ಣಿಸುವವನನ್ನು ಎಷ್ಟರಮಟ್ಟಿಗೆ ನಂಬಬೇಕು? ಈ ಸಂಶಯ ಹುಟ್ಟಿದವನಿಗೆ ನಿರೂಪಣೆಯೆಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ಇದನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: ಇದೇ ಕಥೆಯನ್ನು ರತ್ನಳ ಬಾಯಿಂದ ಹೇಳಿಸಿರಿ. ಆಗ ಗೈಡು ಮೂಕವಾಗುತ್ತದೆ. ಮಜ್ಜಿಗೆಗೆಂದು ಬಂದ ಹುಡುಗಿಗೆ ಬಾಗಿಲಾಚೆಯ ಸಂಚು ಏನು ತಿಳಿದೀತು? ಅವಳ ಬಾಯಲ್ಲಿ ಶಾಸ್ತ್ರಿಗಳ ಗುಟ್ಟನ್ನೂ ಹೇಳಿಸಿದವನಿಗೆ ಕಥೆಯ ಕಣ್ಣು ಯಾರದೆಂಬುದು ತಿಳಿದಿಲ್ಲವೆಂದೇ ಲೆಕ್ಕ. ಆದರೆ ಸಂಡೂರಿನ ಕಡೆಯ, ಮನೆಯಲ್ಲಿ ಆಗಲೇ ಗಂಡು ನೋಡತೊಡಗಿರುವ ಹುಡುಗಿಯೊಬ್ಬಳು 'ನನ್ನನ್ನು ಯಾರೂ ಕೇಳಲಿಲ್ಲ' ಎಂದಷ್ಟೇ ಬರೆದಾಳು. ಶ್ಯಾಮನ ಹರಟೆಯ ನಡುವೆ ಮಾಸ್ತಿಯವರು ಬಾಯಿಬಿಟ್ಟು ಹೇಳದ ಮಾತದು. ಅದಕ್ಕೆ ಐದಕ್ಕೆ ಐದೂ ಸಲ್ಲಬೇಕು. ಕಾಗುಣಿತದ ತಪ್ಪಿಗೆ ಬೇಕಾದರೆ ಬೇರೆ ಪ್ರಶ್ನೆಯಲ್ಲಿ ಕಳೆಯಲಿ.