ಎರಡು ನಕ್ಷತ್ರಕ್ಕೆ ಮೂರು ಪಟ್ಟಿಯ ಪಾಠ

ಲಾಲ್‌ಬಾಗಿನ ಪೂರ್ವಕ್ಕೆ, ಹೊಸೂರು ರಸ್ತೆಯ ಗದ್ದಲಕ್ಕೆ ಮಗ್ಗುಲಾಗಿ ಹರಡಿರುವ ಬಡಾವಣೆ ವಿಲ್ಸನ್ ಗಾರ್ಡನ್. ಅಂಕೆಗಳಿಂದ ಕರೆಸಿಕೊಳ್ಳುವ ಅಡ್ಡರಸ್ತೆಗಳು, ಒತ್ತೊತ್ತಾದ ಮನೆಗಳು, ಜನ ತುಂಬಿದ ಅಂಗಡಿಸಾಲು. ಉತ್ತರಕ್ಕೆ ಶಾಂತಿನಗರದ ಬಸ್ ನಿಲ್ದಾಣ. ದಕ್ಷಿಣಕ್ಕೆ ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆಗಳು. ಇಲ್ಲಿಯೇ ವಿದ್ಯುತ್ ಚಿತಾಗಾರ. ಊರಿಂದ ಬಂದಿಳಿದವರೂ, ಕೊನೆಯ ಯಾತ್ರೆಗೆ ಹೊರಟವರೂ ಹಾದುಹೋಗುವ ನೆಲವಿದು.

ಇಂಥ ಬಡಾವಣೆಯ ಪೊಲೀಸ್ ಠಾಣೆಯೆಂದರೆ ಹೊಸ ಸಬ್‌ಇನ್ಸ್‌ಪೆಕ್ಟರರಿಗೆ ಎರಡನೆಯ ಪಾಠಶಾಲೆ. ಮೊದಲನೆಯದು ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿ ಇಲ್ಲವೆ ಕಲಬುರಗಿಯ ತರಬೇತಿ ಕಾಲೇಜು. ಅಲ್ಲಿ ಕವಾಯತು, ಕಾನೂನು, ಬಂದೂಕು, ಇಲ್ಲಿ ಮನುಷ್ಯರು.

ಈ ಪಾಠಶಾಲೆಯ ರೀತಿಯೇ ವಿಚಿತ್ರ. ಕಲಿಯಲು ಬಂದವರ ಹೆಗಲ ಮೇಲೆ ಎರಡು ನಕ್ಷತ್ರ. ಕಲಿಸುವ ಹೆಡ್ ಕಾನ್‌ಸ್ಟೇಬಲರ ತೋಳಿನ ಮೇಲೆ ಮೂರು ಪಟ್ಟಿ. ಗುರುವೇ ಶಿಷ್ಯರಿಗೆ ಸೆಲ್ಯೂಟ್ ಹೊಡೆದು ಪಾಠ ಆರಂಭಿಸುತ್ತಾರೆ! ಅಮೆರಿಕೆಯ ಸ್ಯಾನ್ ಹೋಸೆ ನಗರದಲ್ಲಿ 1972ರಲ್ಲಿ ಹೊಸಬರ ಜೊತೆಗೆ ಅನುಭವಿಯೊಬ್ಬರನ್ನು ಕಳುಹಿಸಿ, ದಿನದಿನದ ಕೆಲಸಕ್ಕೆ ಅಂಕವಿಡುವ ಕ್ರಮ ಮೊದಲಾಯಿತು. ನಮ್ಮಲ್ಲಿ ಅಂಥ ಅನುಭವದ ಭಂಡಾರ ಹೆಚ್ಚಾಗಿ ಇರುವುದು ಈ ಮೂರು ಪಟ್ಟಿಯವರ ಬಳಿಯಲ್ಲಿ.

ಸರ ಕಳೆದುಕೊಂಡ ವೃದ್ಧೆಯೊಬ್ಬಳು ಠಾಣೆಗೆ ಬಂದಳೆನ್ನೋಣ. ಆಕೆ ಕಳವಿನಿಂದ ತೊಡಗುವುದಿಲ್ಲ. ಆ ಸರ ಯಾವ ಮದುವೆಗೆ ಮಾಡಿಸಿದ್ದು ಎಂಬಲ್ಲಿಂದ ತೊಡಗುತ್ತಾಳೆ. ಹೊಸ ಅಧಿಕಾರಿಯ ಲೇಖನಿ ಚಡಪಡಿಸುತ್ತದೆ. ಹಿರಿಯ ಹೆಡ್ ಕಾನ್‌ಸ್ಟೇಬಲರು ಮಾತ್ರ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, “ನಿಧಾನವಾಗಿ ಹೇಳಿ, ಅಮ್ಮಾ” ಎನ್ನುತ್ತಾರೆ. ಆ ಮದುವೆಯ ಕಥೆಯ ನಡುವೆಯೇ ಸರದ ತೂಕ, ಕೊಂಡಿಯ ಗುರುತು, ಕಳ್ಳರ ಬೈಕು ತಿರುಗಿದ ಅಡ್ಡರಸ್ತೆ, ಎಲ್ಲವೂ ಒಂದೊಂದಾಗಿ ಹೊರಬೀಳುತ್ತವೆ.

ಮುಂದಿನದು ಕಾನೂನಿನ ಪಾಠ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಸಂಜ್ಞೇಯ ಅಪರಾಧ ಎಲ್ಲಿಯೇ ನಡೆದಿರಲಿ, “ನಮ್ಮ ಸರಹದ್ದಲ್ಲ” ಎಂದು ದೂರನ್ನು ನಿರಾಕರಿಸುವಂತಿಲ್ಲ. ಹೇಳಿದ್ದನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಪಡೆದು, ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಪರೀಕ್ಷೆಯಿರುವುದು ಇಲ್ಲಿಯೇ. ದಾಖಲಾದ ಪ್ರತಿಯೊಂದು ದೂರೂ ಠಾಣೆಯ ಲೆಕ್ಕಕ್ಕೆ ಸೇರುತ್ತದೆ, ತನಿಖೆಯ ಹೊರೆಯನ್ನು ತರುತ್ತದೆ. “ನಾಳೆ ಬನ್ನಿ” ಎಂದು ಸಾಗಹಾಕುವ ಚಾಳಿಯನ್ನು ಯಾವ ಅಕಾಡೆಮಿಯೂ ಕಲಿಸುವುದಿಲ್ಲ. ಅದನ್ನು ಯಾವ ಠಾಣೆಯಲ್ಲಾದರೂ ಕಲಿಯಬಹುದು. ಕುರ್ಚಿ ಎಳೆದು ಕೊಡುವ ಗುರು ಸಿಗುವರೋ, ಬಾಗಿಲು ತೋರಿಸುವ ಗುರು ಸಿಗುವರೋ ಎಂಬುದರ ಮೇಲೆ ಆ ಅಧಿಕಾರಿಯ ಮುಂದಿನ ಮೂವತ್ತು ವರ್ಷಗಳ ನಡತೆ ನಿಂತಿದೆ.

ರಾತ್ರಿ ಅಂಗಡಿಗಳು ಮುಚ್ಚಿದ ಮೇಲೆ ಗಸ್ತು ಹೊರಡುತ್ತದೆ. ಯಾವ ಬೀಗ ಸಡಿಲವಾಗಿದೆ, ಯಾವ ಮನೆಯವರು ಊರಿಗೆ ಹೋಗಿದ್ದಾರೆ, ಯಾವ ತಿರುವಿನಲ್ಲಿ ದೀಪವಿಲ್ಲ ಎಂದು ಹಿರಿಯರು ತೋರಿಸುತ್ತ ನಡೆಯುತ್ತಾರೆ; ಹೊಸಬರು ನೋಡುತ್ತ ಹಿಂಬಾಲಿಸುತ್ತಾರೆ. ಸರ ಕಳೆದುಕೊಂಡ ಆ ವೃದ್ಧೆಯ ಮನೆಯೂ ಇಂಥದೊಂದು ಅಡ್ಡರಸ್ತೆಯಲ್ಲಿಯೇ ಇರುತ್ತದೆ. ಅವಳ ನಿದ್ರೆ ಈ ಪಾಠವನ್ನೇ ನಂಬಿಕೊಂಡಿದೆ.